ಪಕ್ಕೆಲುಬು ಕೈಗೆ ಸಿಗಬೇಕು

ಜೂನ್ 12

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದ. ನಾನು ಗಟ್ಟಿಯಾಗಿದ್ದೇನೆ, ನೀನೂ ಆ ಗುಡ್ಡಗಳ ನಡುವೆ ಹಾಗೇ ಇದ್ದೀಯ ಎಂದುಕೊಂಡಿದ್ದೇನೆ. ಹೋಗಿ ಮೂರು ವಾರವಾದರೂ ಅಪ್ಪ ಒಂದು ಸಾಲು ಬರೆಯಲಿಲ್ಲ ಎಂದು ಬೈದುಕೊಂಡಿರುತ್ತೀಯ. ಬೈದುಕೋ. ಆದರೆ ತಪ್ಪು ನನ್ನದಲ್ಲ, ನಿನ್ನ ಚಿಟಿಕೆಯದು. ಮೊದಲು ಬರೆದ ಪತ್ರವನ್ನು ಅದು ತಿಂದಿತು. ಎರಡನೆಯದರ ಮೇಲೆ ಜೊಲ್ಲು ಸುರಿಸಿ ಶಾಯಿಯೆಲ್ಲ ಕಲಸಿತು. ಇದನ್ನು ಅಂಗಡಿಯ ಎತ್ತರದ ಕಪಾಟಿನ ಮೇಲಿಟ್ಟು ನಿಂತುಕೊಂಡೇ ಬರೆಯುತ್ತಿದ್ದೇನೆ. ಗುಡ್ಡ ಅಳೆಯುವ ನಿಮ್ಮ ಮೋಜಣಿ ಡೇರೆಗೆ ಅಂಚೆ ತರುವ ಜೀಪು ಯಾವಾಗ ಬರುತ್ತದೋ, ಇದು ನಿನಗೆ ಯಾವಾಗ ಸಿಗುತ್ತದೋ.

"ಅಪ್ಪಾ, ಆರೇ ತಿಂಗಳು, ಒಂದು ನಾಯಿಮರಿ ನೋಡ್ಕೋ" ಎಂದು ಹೇಳಿ ಹೊರಟುಬಿಟ್ಟೆ. ಇದು ನಾಯಿಮರಿಯಲ್ಲ ತಾಯಿ, ಕುದುರೆಮರಿ. ಗ್ರೇಟ್ ಡೇನ್ ಎಂದರೆ ದೊಡ್ಡ ಜಾತಿ ಎಂದು ನೀನು ಹೇಳಿದಾಗ ನಾನು ತಲೆಯಾಡಿಸಿದ್ದು ನಿಜ. ದೊಡ್ಡದು ಎಂದರೆ ಎಷ್ಟು ದೊಡ್ಡದು ಎಂದು ಕೇಳಲಿಲ್ಲ. ಇನ್ನೂ ಮೂರು ತಿಂಗಳು ತುಂಬಿಲ್ಲ, ಆಗಲೇ ಅದರ ಪಾದ ನನ್ನ ಅಂಗೈಯಷ್ಟಿದೆ. ಅಂಥದಕ್ಕೆ ಚಿಟಿಕೆ ಎಂದು ಹೆಸರಿಟ್ಟಿದ್ದೀಯಲ್ಲ, ನಿನ್ನ ತುಂಟತನಕ್ಕೆ ಏನು ಹೇಳಲಿ. ಬೀದಿಯಲ್ಲಿ ಕರೆದರೆ ಜನ ನಾಯಿಯನ್ನು ಬಿಟ್ಟು ನನ್ನನ್ನೇ ನೋಡುತ್ತಾರೆ.

ಇದಕ್ಕೊಂದು ಅಭ್ಯಾಸವಿದೆ, ನಿನಗೆ ಗೊತ್ತೋ ಇಲ್ಲವೋ. ಯಾರಾದರೂ ನಿಂತಿದ್ದರೆ ಹೋಗಿ ಮೈಭಾರವನ್ನೆಲ್ಲ ಅವರ ಕಾಲಿಗೆ ಒರಗಿಸಿಬಿಡುತ್ತದೆ. ಮೊನ್ನೆ ಎದುರುಮನೆಯ ದರ್ಜಿಯಮ್ಮ ಅಳತೆ ಪಟ್ಟಿ ಕತ್ತಿಗೆ ಹಾಕಿಕೊಂಡು ನಮ್ಮ ಅಂಗಡಿಯ ಬಾಗಿಲಲ್ಲಿ ಮಾತಾಡುತ್ತಿದ್ದಳು. ಇದು ಹೋಗಿ ಒರಗಿತು. ಅವಳು ಮಾತಿನ ನಡುವೆ ಹಾಗೇ ಮೆಲ್ಲಗೆ ನೆಲಕ್ಕೆ ಕೂತಳು. "ಅಣ್ಣಾ, ಇದು ನಾಯಿ ಅಲ್ಲ, ಸೊಂಟಕ್ಕೆ ಬಂದಿರೋ ಕಂಟಕ" ಎಂದಳು. ಹಾಗೆಂದವಳೇ ಮರುದಿನ ಬಟ್ಟೆಚೂರು ತುಂಬಿ ದಪ್ಪ ಹಾಸಿಗೆ ಹೊಲಿದು ತಂದಿದ್ದಾಳೆ.

ನೀನು ಅಡುಗೆಮನೆ ಗೋಡೆಗೆ ಅಂಟಿಸಿ ಹೋದ ಕಾಗದವನ್ನು ದಿನವೂ ಓದುತ್ತೇನೆ. ಊಟದ ಬೋಗುಣಿ ಎತ್ತರದಲ್ಲಿಡು ಎಂದಿದ್ದೀಯ. ಹಳೆಯ ತೂಕದ ಕಲ್ಲುಗಳ ಪೆಟ್ಟಿಗೆಯ ಮೇಲೆ ಇಟ್ಟಿದ್ದೇನೆ. ಉಂಡ ಮೇಲೆ ಒಂದು ಗಂಟೆ ಓಡಾಡಿಸಬೇಡ, ಹೊಟ್ಟೆ ತಿರುಚಿಕೊಳ್ಳುತ್ತದೆ ಎಂದಿದ್ದೀಯ. ಬಾಗಿಲು ಹಾಕಿಕೊಂಡು ಎದುರಿಗೆ ಕೂರುತ್ತೇನೆ. ಗಟ್ಟಿ ನೆಲದ ಮೇಲೆ ಮಲಗಿಸಬೇಡ ಎಂದಿದ್ದೀಯ, ಅದೂ ಆಯಿತು. ಕೊನೆಯ ಸಾಲಿಗೆ ಎರಡು ಗೆರೆ ಎಳೆದಿದ್ದೀಯ: "ಹೆಚ್ಚು ಹಾಕಬೇಡ. ಪಕ್ಕೆಲುಬು ಕೈಗೆ ಸಿಗಬೇಕು." ಈ ಒಂದು ಸಾಲು ಮಾತ್ರ ನನಗೆ ಹಿಡಿಸಲಿಲ್ಲ ಮಗಳೇ. ಮನೆಗೆ ಬಂದ ಜೀವದ ಪಕ್ಕೆಲುಬು ಕೈಗೆ ಸಿಗುವಂತೆ ಇಟ್ಟುಕೊಳ್ಳುವುದು ಯಾವ ಮರ್ಯಾದೆ? ಬೆಳೆಯುವ ಮಗು. ಹಾಲು, ಮೊಟ್ಟೆ, ಮಾಂಸ, ಕೇಳಿದಷ್ಟು ಹಾಕುತ್ತಿದ್ದೇನೆ.

ಪ್ರತಿ ಭಾನುವಾರ ಅಂಗಡಿಯ ನೆಲದ ತಕ್ಕಡಿಯ ಮೇಲೆ ನಿಲ್ಲಿಸುತ್ತೇನೆ. ನೀನು ಬಿಟ್ಟುಹೋದಾಗ ಹತ್ತು ಕಿಲೋ ನಾನೂರು ಗ್ರಾಂ. ಇವತ್ತಿಗೆ ಹದಿನೇಳು ಆರುನೂರು. ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಸದ ಕಡ್ಡಿಯಲ್ಲಿ ಗುರುತು ಹಾಕಿದ್ದೇನೆ. ಪೇಟೆಯ ಅಂಗಡಿಯವರೆಲ್ಲ ನನಗೆ ಗುಲಗಂಜಿ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ, ರಿಪೇರಿಗೆ ಬಂದ ತಕ್ಕಡಿಯಲ್ಲಿ ಗುಲಗಂಜಿಯಷ್ಟು ಹೆಚ್ಚುಕಡಿಮೆಯಾದರೂ ಹಿಡಿಯುತ್ತೇನೆ ಎಂದು. ಹಾಗಾಗಿ ಈ ಲೆಕ್ಕವನ್ನು ಕಣ್ಣುಮುಚ್ಚಿ ನಂಬು.

ನೀನು ಓದಿ ಮುಖ ಊದಿಸಿಕೊಳ್ಳುತ್ತೀಯ ಎಂದೂ ಗೊತ್ತು. ಚಿಕ್ಕವಳಿದ್ದಾಗ "ನನ್ನನ್ನೂ ತಕ್ಕಡಿ ಮೇಲೆ ಕೂರಿಸು" ಎಂದು ನೀನು ಎಷ್ಟು ಅತ್ತರೂ ನಾನು ಕೂರಿಸಲಿಲ್ಲ. ಶಾಲೆಯ ಅರ್ಜಿಯಲ್ಲಿ ತೂಕದ ಜಾಗ ಖಾಲಿ ಬಿಟ್ಟು ಮೇಷ್ಟ್ರ ಹತ್ತಿರ ನಾನು ಬೈಸಿಕೊಂಡೆ. ಊರಿಗೆಲ್ಲ ತೂಗುವವನು ಸ್ವಂತ ಮಗಳನ್ನು ತೂಗಲಿಲ್ಲ, ನಾಯಿಗೆ ಮಾತ್ರ ಉಪಚಾರ ಎನ್ನುತ್ತೀಯ. ಅನ್ನು.

ಹುಷಾರು. ಕಾಲಿಗೆ ಬೂಟಿಲ್ಲದೆ ಗುಡ್ಡ ಹತ್ತಬೇಡ.

ನಿನ್ನ
ಅಪ್ಪ

ಜುಲೈ 24

ಪ್ರೀತಿಯ ಮಗಳಿಗೆ,

ಆಶೀರ್ವಾದ. ನಿನ್ನ ಪತ್ರ ಹತ್ತು ದಿನದ ಹಿಂದೆಯೇ ಬಂತು. ಉತ್ತರ ಬರೆಯಲು ತಡವಾದದ್ದು ಸಿಟ್ಟಿನಿಂದ. ಎರಡು ಪುಟದಲ್ಲಿ ಒಂದೂವರೆ ಪುಟ ನನಗೆ ಪಾಠ. "ಅಪ್ಪಾ, ಈ ಜಾತಿ ನಿಧಾನಕ್ಕೆ ಬೆಳೀಬೇಕು. ಮೈ ಮುಂದೆ ಓಡಿದ್ರೆ ಮೂಳೆ ಹಿಂದೆ ಬೀಳತ್ತೆ. ದಯವಿಟ್ಟು ಕಮ್ಮಿ ಹಾಕು" ಎಂದು ಬರೆದಿದ್ದೀಯ. ನಲವತ್ತು ವರ್ಷ ತಕ್ಕಡಿಗಳ ನಡುವೆ ಬಾಳಿದವನಿಗೆ ತೂಕದ ವಿಷಯ ಹೇಳಿಕೊಡುವಷ್ಟು ದೊಡ್ಡವಳಾದೆಯಾ? ಮುಳ್ಳು ಏರಿದರೆ ಒಳ್ಳೆಯದು, ಇಳಿದರೆ ಕೆಟ್ಟದ್ದು. ಇದಕ್ಕಿಂತ ದೊಡ್ಡ ವಿದ್ಯೆ ನನಗೆ ಬರುವುದಿಲ್ಲ, ಬೇಕಾಗಿಯೂ ಇಲ್ಲ.

ಮೂವತ್ತೊಂದು ಕಿಲೋ ಇನ್ನೂರು ಗ್ರಾಂ. ಗೋಡೆಯ ಗುರುತು ನೋಡಿದವರೆಲ್ಲ ಬೆರಗಾಗುತ್ತಾರೆ. ಔಷಧಿ ಅಂಗಡಿಯವನು ಮೂಳೆಗೆ ಒಳ್ಳೆಯದೆಂದು ಕ್ಯಾಲ್ಸಿಯಂ ಪುಡಿ ಕೊಟ್ಟಿದ್ದಾನೆ. ಅದನ್ನು ಹಾಲಿಗೆ ಬೆರೆಸಿ ದಿನಕ್ಕೆರಡು ಸಲ ಕುಡಿಸುತ್ತೇನೆ. ನೀನು ಹೇಳಿದ ಮೂಳೆ ಹಿಂದೆ ಬೀಳುವ ಕಥೆಗೆ ಅದೇ ಮದ್ದು.

ಅವಳ ಧೈರ್ಯದ ವಿಷಯ ಕೇಳು. ಕೊಡೆ ಬಿಚ್ಚಿದರೆ ಸಾಕು, ಹೆದರಿ ನನ್ನ ಹಿಂದೆ ಅಡಗುತ್ತಾಳೆ. ಅಡಗುವುದಕ್ಕೆ ನನ್ನ ಹಿಂದೆ ಜಾಗವೆಲ್ಲಿದೆ, ತಲೆ ಮಾತ್ರ ಅಡಗುತ್ತದೆ. ಕುರ್ಚಿಯಲ್ಲಿ ಕೂತರೆ ಹಿಂದಿನ ಭಾಗವನ್ನು ನನ್ನ ತೊಡೆಯ ಮೇಲಿಟ್ಟು, ಮುಂಗಾಲು ನೆಲಕ್ಕೂರಿ, ಗಿರಾಕಿಗಳನ್ನು ನೋಡುತ್ತ ಕೂರುತ್ತಾಳೆ. ತಾನಿನ್ನೂ ಹತ್ತು ಕಿಲೋ ಎಂದೇ ಅವಳ ಎಣಿಕೆ. ಬಾಲ ಬೀಸಿದರೆ ನನ್ನ ಚಿಕ್ಕ ಚಿಕ್ಕ ತಿರುಪುಗಳೆಲ್ಲ ಮೇಜಿನಿಂದ ಹಾರಿ ಚೆಲ್ಲಾಪಿಲ್ಲಿ. ಭಾನುವಾರ ನಾನು ತಕ್ಕಡಿಯ ಮುಂದೆ ಕೂತರೆ ಸಾಕು, ಕರೆಯದೆಯೇ ಬಂದು ಹಲಗೆ ಹತ್ತಿ ನಿಲ್ಲುತ್ತಾಳೆ. ತೂಗಿದ ಮೇಲೆ ಒಂದು ಬಿಸ್ಕತ್ತು ಸಿಗುತ್ತದೆಂದು ಗೊತ್ತು. ನೋಡು, ಅವಳು ಅವಳು ಎಂದು ಬರೆಯುತ್ತಿದ್ದೇನೆ. ಹೋದ ಪತ್ರದಲ್ಲಿ ಅದು ಎಂದಿದ್ದೆ.

ಬೆಳಿಗ್ಗೆ ಏಳುವಾಗ ನಾಲ್ಕು ಹೆಜ್ಜೆ ಕುಂಟುತ್ತಾಳೆ, ಆಮೇಲೆ ಸರಿಹೋಗುತ್ತಾಳೆ. ದರ್ಜಿಯಮ್ಮ "ಅಣ್ಣಾ, ಒಂದ್ಸಲ ಡಾಕ್ಟರಿಗೆ ತೋರಿಸಬಾರದಾ" ಎಂದಳು. ಬೆಳೆಯುವ ಮಕ್ಕಳಿಗೆ ಕಾಲುನೋವು ಇದ್ದದ್ದೇ ಎಂದು ಹೇಳಿ ಕಳಿಸಿದೆ.

ನಿನ್ನ
ಅಪ್ಪ

ಆಗಸ್ಟ್ 28

ಪ್ರೀತಿಯ ಮಗಳಿಗೆ,

ಎಲ್ಲ ಕ್ಷೇಮ. ಅಂಗಡಿಯಲ್ಲಿ ಕೆಲಸ ಜಾಸ್ತಿ, ಉದ್ದ ಬರೆಯಲು ಆಗುವುದಿಲ್ಲ. ನೀನು ಚಿಟಿಕೆಯ ಒಂದು ಫೋಟೋ ಕೇಳಿದ್ದೀಯ. ಫೋಟೋದವನು ಊರಲ್ಲಿಲ್ಲ. ತೂಕ ಈ ಸಲ ನೋಡಿಲ್ಲ. ಅವಳು ಚೆನ್ನಾಗಿ ಮಲಗುತ್ತಾಳೆ.

ಬೂಟಿನ ಅಳತೆ ಬರೆದು ಕಳಿಸು, ಒಂದು ಜೊತೆ ಕಳಿಸುತ್ತೇನೆ.

ಅಪ್ಪ

ಅಕ್ಟೋಬರ್ 5

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದ. ನಿನ್ನ ಮೂರು ಪತ್ರಗಳು ಮೇಜಿನ ಮೇಲೆ ಸಾಲಾಗಿವೆ. ಮೂರರಲ್ಲೂ ಒಂದೇ ಪ್ರಶ್ನೆ: "ಚಿಟಿಕೆ ಹೇಗಿದ್ದಾಳೆ, ನಿಜ ಹೇಳು." ಕ್ಷಮಿಸು ಎಂದು ಬರೆಯಲು ನಾಲ್ಕು ಸಲ ಕೂತು ನಾಲ್ಕು ಸಲವೂ ಎದ್ದೆ. ಹೋದ ಪತ್ರದಲ್ಲಿ ನಾನು ಬರೆದದ್ದು ಸುಳ್ಳು. ಚೆನ್ನಾಗಿ ಮಲಗುತ್ತಾಳೆ ಎಂದಿದ್ದೆನಲ್ಲ, ಅವಳಿಗೆ ಏಳಲು ಆಗುತ್ತಿರಲಿಲ್ಲ.

ಆಗಸ್ಟ್ ಹತ್ತನೇ ತಾರೀಕು ಬೆಳಿಗ್ಗೆ ಬೋಗುಣಿಯ ಸದ್ದು ಮಾಡಿದರೂ ಬರಲಿಲ್ಲ. ಹೋಗಿ ನೋಡಿದರೆ ಹಾಸಿಗೆಯಲ್ಲೇ ಬಾಲ ಆಡಿಸುತ್ತಿದ್ದಳು. ಮುಂಗಾಲಿನ ಮಣಿಕಟ್ಟುಗಳು ಊದಿ ಗಡ್ಡೆ ಕಟ್ಟಿದ್ದವು. ಮೈತುಂಬ ಜ್ವರ, ಮುಟ್ಟಿದರೆ ಕಾದ ಬಾಣಲೆ. ನಾನು ಮುಟ್ಟಿದಾಗ ಕಿರುಚಿದಳು, ಕಿರುಚಿದ ಮೇಲೆ ತಪ್ಪು ಮಾಡಿದವಳ ಹಾಗೆ ನನ್ನ ಕೈ ನೆಕ್ಕಿದಳು.

ತಕ್ಕಡಿಗಳನ್ನು ಸಾಗಿಸುವ ತಳ್ಳುಗಾಡಿಯ ಮೇಲೆ ಅವಳನ್ನು ಮಲಗಿಸಿ ನಾನೂ ದರ್ಜಿಯಮ್ಮನೂ ಪಶು ಆಸ್ಪತ್ರೆಗೆ ನೂಕಿಕೊಂಡು ಹೋದೆವು. ಅಲ್ಲಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ನಿನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದು ನೋಡಿದಳು. "ಯಜಮಾನ್ರೇ, ಏನೇನ್ ಹಾಕ್ತಿದ್ರಿ ಇದಕ್ಕೆ?" ಎಂದು ಕೇಳಿದಳು. ನಾನು ಆಗಲೂ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಹಾಲು, ಮೊಟ್ಟೆ, ಮಾಂಸ, ಪುಡಿ, ಮೂವತ್ತೆಂಟು ಕಿಲೋ. ಅವಳು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು.

"ಪುಡಿ ಯಾರ್ ಕೊಟ್ರು?"

"ನಾನೇ ಕೇಳಿ ತಂದೆ."

"ಇಷ್ಟು ದೊಡ್ಡ ಜಾತೀನ ನಾವೇನೂ ಬೆಳೆಸಬೇಕಾಗಿಲ್ಲ, ಬೆಳೆಯೋದನ್ನ ತಡೀಬೇಕು. ಮೈ ಭಾರ ಮೊದಲು ಬಂತು, ಅದನ್ನ ಹೊರೋ ಮೂಳೆ ಇನ್ನೂ ಹಸಿ. ಆ ಪುಡಿ ಅಂತೂ ಇರೋ ಕೆಲಸಾನೂ ಕೆಡಿಸ್ತು. ಕೈಗೆ ಪಕ್ಕೆಲುಬು ಸಿಗಬೇಕು ಅಂತ ನಿಮಗ್ಯಾರೂ ಹೇಳಲಿಲ್ವಾ?"

ದರ್ಜಿಯಮ್ಮ ನನ್ನ ಮುಖ ನೋಡಿದಳು. ನಮ್ಮ ಅಡುಗೆಮನೆ ಗೋಡೆಯ ಕಾಗದವನ್ನು ಅವಳೂ ಓದಿದ್ದಾಳೆ. ನಾನು "ಹೇಳಿದ್ರು" ಎಂದೆ. ಡಾಕ್ಟರಮ್ಮ ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. "ಪ್ರೀತಿ ಜಾಸ್ತಿ ಇರೋರೇ ಈ ನಾಯಿಗಳನ್ನ ಹೀಗೆ ಹೊತ್ಕೊಂಡು ಬರೋದು" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ಮುಂದೆ ಅಂಗಡಿಯ ಬಾಗಿಲು ಅರ್ಧ ಮುಚ್ಚಿಯೇ ಇತ್ತು. ಇಷ್ಟು ದೊಡ್ಡ ಮೈ ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಮೊಣಕೈ ಚರ್ಮ ಕಿತ್ತು ಹುಣ್ಣಾಗುತ್ತದಂತೆ. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ದರ್ಜಿಯಮ್ಮ ದಪ್ಪ ಕ್ಯಾನ್ವಾಸಿನಲ್ಲಿ ಒಂದು ಜೋಲಿ ಹೊಲಿದಳು, ಎರಡು ಕಡೆ ಹಿಡಿ. ಅದನ್ನು ಹೊಟ್ಟೆಯ ಕೆಳಗೆ ತೂರಿಸಿ ಇಬ್ಬರೂ ಎತ್ತಿ ಹಿತ್ತಲಿಗೆ ನಡೆಸಬೇಕು. ನಾಚಿಕೆಯ ಜೀವ ಅದು, ನಾವು ಬೇರೆ ಕಡೆ ಮುಖ ತಿರುಗಿಸದಿದ್ದರೆ ಉಚ್ಚೆ ಹೊಯ್ಯುತ್ತಿರಲಿಲ್ಲ. ಹಾಲು ನಿಂತಿತು, ಪುಡಿ ಬಚ್ಚಲಿಗೆ ಹೋಯಿತು, ಊಟ ಡಾಕ್ಟರಮ್ಮ ಹೇಳಿದಷ್ಟೇ. ಚಿಟಿಕೆ ಖಾಲಿ ಬೋಗುಣಿ ನೋಡಿ ನನ್ನ ಮುಖ ನೋಡುತ್ತಿದ್ದಳು. ನಾನು ಬೋಗುಣಿ ಎತ್ತಿಕೊಂಡು ತೊಳೆಯಲು ಹೋಗುತ್ತಿದ್ದೆ.

"ಒಂದೆರಡು ಕಿಲೋ ಇಳಿಯತ್ತೆ, ಇಳೀಲಿ, ಗಾಬರಿ ಬೇಡ. ಅದಕ್ಕಿಂತ ಜಾಸ್ತಿ ಇಳಿದ್ರೆ ಮಾತ್ರ ಕಾಯಬೇಡಿ" ಎಂದು ಡಾಕ್ಟರಮ್ಮ ಹೇಳಿದ್ದಳು. ಜೋಲಿಯಲ್ಲೇ ಎತ್ತಿ ತಕ್ಕಡಿಯ ಮೇಲೆ ಮಲಗಿಸುತ್ತಿದ್ದೆವು. ಮೂವತ್ತೇಳು. ಮೂವತ್ತಾರೂವರೆ. ಮಣಿಕಟ್ಟಿನ ಬಾವು ಇಳಿಯಿತು, ಎರಡು ಹೆಜ್ಜೆ ತಾನಾಗಿಯೇ ಇಟ್ಟಳು. ನಿನಗೆ ಬರೆಯೋಣ ಎಂದುಕೊಂಡೆ. ಇನ್ನೊಂದು ವಾರ ನೋಡಿ ಬರೆದರೆ ಒಳ್ಳೆಯ ಸುದ್ದಿಯೇ ಬರೆಯಬಹುದು ಎಂದು ತಡೆದೆ.

ಆ ವಾರದಲ್ಲೇ ಅವಳ ಹಾಸಿಗೆಯನ್ನು ಕಿಟಕಿಯ ಬಳಿಗೆ ಹಾಕಲು ತಕ್ಕಡಿಯನ್ನು ಪಕ್ಕಕ್ಕೆ ಸರಿಸಿದ್ದೆ. ಭಾನುವಾರ ತೂಗಿದಾಗ ಮೂವತ್ತೊಂದು ಕಿಲೋ ಎಂಟುನೂರು ತೋರಿಸಿತು. ದರ್ಜಿಯಮ್ಮ ಅವಳನ್ನು ಹಾಸಿಗೆಗೆ ಎತ್ತಿ ಹಾಕಲು ನೆರವಾಗಿ ಮನೆಗೆ ಹೋದಳು. ಹೋಗುವಾಗ "ಅಣ್ಣಾ, ಜೋಲಿ ಇವತ್ತು ಹಗುರ ಅನ್ನಿಸ್ತು" ಎಂದಳು. "ತಕ್ಕಡಿ ಸರಿಸಿದೀನಲ್ಲ, ಮಟ್ಟ ತಪ್ಪಿದೆ. ಸರಿ ಮಾಡಿ ಮತ್ತೆ ತೂಗೋಣ" ಎಂದೆ.

ಇದು ಸುಳ್ಳಲ್ಲ ಮಗಳೇ. ಜಾಗ ಬದಲಿಸಿದರೆ ನೆಲದ ತಕ್ಕಡಿಯ ಮಟ್ಟ ತಪ್ಪುತ್ತದೆ, ಕಸುಬಿನವರು ಯಾರಾದರೂ ಹೇಳುತ್ತಾರೆ. ತಿರುಪುಳಿ ತಂದು ತಕ್ಕಡಿಯ ಮುಂದೆ ಕೂತೆ. ಒಂದು ತಿರುಪು ಬಿಚ್ಚಿದೆ. ಇನ್ನೊಂದು ಬಿಚ್ಚಿದೆ. ಹಿಂದಿನಿಂದ ಏನೋ ಎಳೆಯುವ ಸದ್ದಾಯಿತು. ನಾನು ತಕ್ಕಡಿಯ ಮುಂದೆ ಕೂತದ್ದನ್ನು ನೋಡಿದ ಚಿಟಿಕೆ, ಮತ್ತೆ ತೂಗುತ್ತಾರೆ, ಬಿಸ್ಕತ್ತು ಕೊಡುತ್ತಾರೆ ಎಂದುಕೊಂಡಿರಬೇಕು. ಹಾಸಿಗೆಯಿಂದ ಮೈ ಎಳೆದುಕೊಂಡು ಬಂದು, ಹತ್ತಲಾರದೆ, ಗದ್ದವೊಂದನ್ನು ಹಲಗೆಯ ಮೇಲಿಟ್ಟಳು. ಮುಳ್ಳು ಸ್ವಲ್ಪವೇ ಅಲುಗಿ ನಿಂತಿತು.

ತಿರುಪುಳಿ ಕೆಳಗಿಟ್ಟೆ. ಅವಳ ಪಕ್ಕೆಗೆ ಕೈ ಹಾಕಿದೆ. ಅಷ್ಟು ದಿನ ತೂಗಿದ್ದೇನೆಯೇ ಹೊರತು ಹಾಗೆ ಕೈಯಿಟ್ಟು ನೋಡಿರಲಿಲ್ಲ. ಒಂದೊಂದೂ ಕೈಗೆ ಸಿಕ್ಕಿತು. ಕೈಗೆ ಸಿಗುವುದೇನು, ಕಣ್ಣಿಗೇ ಕಾಣುತ್ತಿತ್ತು, ನಾನು ಮುಳ್ಳನ್ನು ನೋಡುತ್ತಿದ್ದೆ. ಉಸಿರು ಕೊರ ಕೊರ ಎನ್ನುತ್ತಿತ್ತು. ದರ್ಜಿಯಮ್ಮನನ್ನು ಕೂಗಲೂ ಇಲ್ಲ, ಒಬ್ಬನೇ ಗಾಡಿಗೆ ಹಾಕಿಕೊಂಡು ಓಡಿದೆ. ಈ ಅರವತ್ತಮೂರು ವರ್ಷದ ಮೈಗೆ ಆ ಶಕ್ತಿ ಎಲ್ಲಿಂದ ಬಂತೋ.

ಜ್ವರ ತಿರುಗಿ ಬಂದು ಎದೆಗೂಡಿಗೆ ಇಳಿದಿತ್ತಂತೆ. ಒಂಬತ್ತು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು. ನಾನು ಅಲ್ಲಿಯೇ ಬೆಂಚಿನ ಮೇಲೆ ಕೂತಿರುತ್ತಿದ್ದೆ. ಮೂರನೆಯ ದಿನ ಡಾಕ್ಟರಮ್ಮ ಬಂದು ಪಕ್ಕದಲ್ಲಿ ಕೂತು, "ನಾಳೆ ನೋಡೋಣ ಅಂತ ಬಿಟ್ಟಿದ್ರೆ ನೀವು ಇದನ್ನ ಕರ್ಕೊಂಡು ಬರೋದೇ ಬೇಕಿರಲಿಲ್ಲ" ಎಂದಳು. ನಾನು ಅವಳೆದುರು ಅತ್ತುಬಿಟ್ಟೆ. ಪಾಪ, ಒಂದು ನಾಯಿಗಾಗಿ ಇಷ್ಟು ಅಳುತ್ತಾನಲ್ಲ ಎಂದುಕೊಂಡಿರುತ್ತಾಳೆ.

ಈಗ ಮನೆಯಲ್ಲಿದ್ದಾಳೆ. ಬದುಕಿದ್ದಾಳೆ ಎಂಬುದೊಂದೇ ನಾನು ಕೊಡಬಹುದಾದ ಒಳ್ಳೆಯ ಸುದ್ದಿ. ಮುಂಗಾಲುಗಳು ಹೊರಕ್ಕೆ ಬಾಗಿವೆ, ನೆಟ್ಟಗಾಗುವುದಿಲ್ಲ. ನಡೆಯುತ್ತಾಳೆ, ಓಡುವುದಿಲ್ಲ, ಮುಂದೆಯೂ ಓಡಲಾರಳು. ಈ ಜಾತಿಗೆ ಏಳೆಂಟು ವರ್ಷವೇ ಹೆಚ್ಚಂತೆ, ಇವಳಿಗೆ ಅಷ್ಟೂ ಇದೆ ಎಂದು ಡಾಕ್ಟರಮ್ಮ ಹೇಳಲಿಲ್ಲ. ಗುಡ್ಡದ ಮೇಲೆ ಅವಳ ಜೊತೆ ಓಡಬೇಕು ಎಂದು ನೀನು ಆಸೆಪಟ್ಟು ತಂದಿದ್ದೆ. ಅದನ್ನು ನಾನು ಹಾಳು ಮಾಡಿದೆ. ನೀನು ಕೇಳಿಕೊಂಡದ್ದು ನಾಲ್ಕು ಸಾಲು, ನಾಲ್ಕನೆಯದನ್ನು ನಾನು ಕೇಳಲಿಲ್ಲ.

ಕೊಡೆಗೆ ಈಗ ಹೆದರುವುದಿಲ್ಲ, ಎದ್ದು ಅಡಗುವಷ್ಟು ಆಸಕ್ತಿಯಿಲ್ಲ. ಆದರೆ ನಿಂತವರಿಗೆ ಒರಗುವುದನ್ನು ಬಿಟ್ಟಿಲ್ಲ. ಒರಗಿದರೆ ನಾನು ಅಲುಗಾಡದೆ ನಿಲ್ಲುತ್ತೇನೆ.

ನವೆಂಬರಿನಲ್ಲಿ ಬರುತ್ತೀಯ. ಅವಳನ್ನು ನೋಡಿದ ಮೇಲೆ ನನಗೆ ಏನು ಹೇಳಬೇಕೆನಿಸುತ್ತದೋ ಹೇಳು, ಎದುರು ಮಾತಾಡುವುದಿಲ್ಲ. ಆರೋಗ್ಯ ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಎಲ್ಲ ಕಡೆಯೂ ಒಳ್ಳೆಯದಾಗಲಿ.

ನಿನ್ನ
ಅಪ್ಪ

ತಾ.ಕ. ಸಹಿ ಹಾಕಿ ಮಡಚಿದ್ದೆ, ಮತ್ತೆ ಬಿಚ್ಚಿದ್ದೇನೆ. ಪತ್ರದೊಳಗೆ ಇದನ್ನು ಬರೆಯುವ ಧೈರ್ಯ ಬರಲಿಲ್ಲ.

ನೀನು ಹುಟ್ಟುವ ಮೂರು ವರ್ಷ ಮೊದಲು ನಮಗೊಬ್ಬ ಮಗನಿದ್ದ, ಇಪ್ಪತ್ತೇ ದಿನ. ಹುಟ್ಟುವಾಗ ಎರಡು ಕಿಲೋ ಮುನ್ನೂರು. ಆಸ್ಪತ್ರೆಯ ನರ್ಸು "ದಿನಾ ತೂಕ ನೋಡಿ, ಇಳಿದ್ರೆ ತಕ್ಷಣ ಕರ್ಕೊಂಡು ಬನ್ನಿ" ಎಂದು ಕಳಿಸಿದಳು. ತಕ್ಕಡಿ ರಿಪೇರಿಯವನ ಮನೆಗೆ ಬಂದ ಮಗು, ತೂಗಲು ಇನ್ನೊಬ್ಬರ ಬಾಗಿಲಿಗೆ ಹೋಗಬೇಕೇ ಎಂದು ನಾನು ಬೀಗಿದೆ. ಹದಿನೆಂಟು ದಿನ ತೂಗಿದೆ. ಹತ್ತೊಂಬತ್ತನೆಯ ದಿನ ಮುಳ್ಳು ಕೆಳಗಿಳಿಯಿತು. ನಿನ್ನ ಅಮ್ಮ ಮಗುವನ್ನು ಎತ್ತಿಕೊಂಡು "ರೀ, ಕೈಗೆ ಹಗುರ ಅನ್ನಿಸ್ತಿದೆ" ಎಂದಳು. ನಾನು "ಕೈಗೇನು ಗೊತ್ತಾಗತ್ತೆ, ತಕ್ಕಡಿ ಕೆಟ್ಟಿದೆ, ಸರಿ ಮಾಡ್ತೀನಿ" ಎಂದೆ. ಪೂರ್ತಿ ಬಿಚ್ಚಿದೆ. ಒಂದೊಂದು ಭಾಗವನ್ನೂ ಒರೆಸಿ ಮತ್ತೆ ಜೋಡಿಸಲು ಎರಡು ದಿನ ಹಿಡಿಯಿತು. ಆ ಎರಡು ದಿನ ಅವಳು ಮಗುವನ್ನು ಎತ್ತಿಕೊಂಡು ನನ್ನ ಹಿಂದೆಯೇ ನಿಂತಿದ್ದಳು. ಎರಡನೆಯ ದಿನ ಸಂಜೆ ಅಳತೆಯ ಕಲ್ಲಿಟ್ಟು ನೋಡಿದೆ. ಗುಲಗಂಜಿಯಷ್ಟೂ ವ್ಯತ್ಯಾಸವಿರಲಿಲ್ಲ. ತಕ್ಕಡಿ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ತೂಗೋಣ ಕೊಡು ಎಂದು ತಿರುಗಿ ಕೈ ಚಾಚಿದೆ. ಅವಳು ಕೊಡಲಿಲ್ಲ.

ಅಮ್ಮ ಸಾಯುವವರೆಗೂ ಇದನ್ನು ನಿನಗೆ ಹೇಳಲಿಲ್ಲ. ಹೇಳಬೇಡ ಎಂದು ನಾನು ಕೇಳಿಕೊಂಡಿರಲಿಲ್ಲ. ನಿನ್ನನ್ನು ನಾನು ಯಾಕೆ ಒಂದು ದಿನವೂ ತೂಗಲಿಲ್ಲ ಎಂದು ನೀನು ಕೇಳುತ್ತಿದ್ದೆಯಲ್ಲ, ಇದಕ್ಕೇ.

ಚಿಟಿಕೆಯನ್ನು ತೂಗಿದ ಆ ಭಾನುವಾರ ಬಿಚ್ಚಿದ ಎರಡು ತಿರುಪುಗಳು ಇನ್ನೂ ನನ್ನ ಜೇಬಿನಲ್ಲಿವೆ. ತಕ್ಕಡಿಯನ್ನು ಮತ್ತೆ ಮುಚ್ಚಿಲ್ಲ. ಚಿಟಿಕೆಯ ಪಕ್ಕೆಯನ್ನು ದಿನವೂ ಕೈಯಿಂದಲೇ ಮುಟ್ಟಿ ನೋಡುತ್ತೇನೆ.